ನಗು ಬಂತು, ಪಾಠ ಬಂತೇ?

ಸೆಮಿನಾರಿಗೆ ಬರುವ ನಿಮ್ಮಂಥ ವಿದ್ಯಾರ್ಥಿಗಳಿಗೆ ಹಾಸ್ಯ ಮತ್ತು ಕಲಿಕೆಯ ಬಗ್ಗೆ ಒಂದು ಸಂಶೋಧನಾ ಲೇಖನ ಕೊಟ್ಟು, ಓದಿ ಪ್ರತಿಕ್ರಿಯೆ ಬರೆದುಕೊಂಡು ಬನ್ನಿ ಎಂದರೆ ಬರುವ ಬರಹಗಳ ಮೊದಲ ವಾಕ್ಯ ಹೆಚ್ಚುಕಡಿಮೆ ಒಂದೇ: “ಪಾಠದಲ್ಲಿ ಹಾಸ್ಯವಿದ್ದರೆ ಕಲಿಕೆ ಸುಲಭವಾಗುತ್ತದೆ ಎಂಬ ಲೇಖಕರ ಅಭಿಪ್ರಾಯವನ್ನು ನಾನು ಸಂಪೂರ್ಣವಾಗಿ ಒಪ್ಪುತ್ತೇನೆ.” ಎರಡನೆಯ ವಾಕ್ಯಕ್ಕೆ ಶಾಲೆಯ ಯಾವುದೋ ಮೇಷ್ಟರು ಬರುತ್ತಾರೆ. ಅವರು ನಗಿಸಿ ನಗಿಸಿ ಪಾಠ ಮಾಡುತ್ತಿದ್ದರು, ಅದಕ್ಕೇ ಆ ವಿಷಯ ಇವತ್ತಿಗೂ ನೆನಪಿದೆ. ಕೊನೆಯ ಪ್ಯಾರಾದಲ್ಲಿ ಎಲ್ಲ ಅಧ್ಯಾಪಕರೂ ಹಾಸ್ಯಪ್ರಜ್ಞೆ ಬೆಳೆಸಿಕೊಳ್ಳಬೇಕು ಎಂಬ ಬುದ್ಧಿಮಾತು. ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿದ್ದೀರಿ. ಬ್ಯಾಗಿನಲ್ಲಿ ಇಂಥದ್ದೇ ಒಂದು ಹಾಳೆ ಇರಬೇಕು.

ಆ ಹಾಳೆಯ ಭಾಷೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇಷ್ಟೇ: ಲೇಖಕರು ಆ ಮಾತನ್ನು ಹೇಳಿರುವುದೇ ಇಲ್ಲ. ಹೇಳದ ಮಾತನ್ನು ಅವರ ಬಾಯಿಗೆ ತುರುಕಿ, ಆಮೇಲೆ ಅದನ್ನು ಒಪ್ಪಿಕೊಂಡಿದ್ದೀರಿ.

1977ರಲ್ಲಿ ಕಪ್ಲಾನ್ ಮತ್ತು ಪ್ಯಾಸ್ಕೋ ಪ್ರಕಟಿಸಿದ ಪ್ರಯೋಗವನ್ನೇ ತೆಗೆದುಕೊಳ್ಳಿ. ಈ ವಿಷಯ ಓದಲು ಹೊರಟವರಿಗೆ ಇದು ಎದುರಾಗದೆ ಇರುವುದಿಲ್ಲ. 508 ವಿಶ್ವವಿದ್ಯಾಲಯ ವಿದ್ಯಾರ್ಥಿಗಳು, ಒಂದೇ ಉಪನ್ಯಾಸಕ್ಕೆ ನಾಲ್ಕು ರೂಪ. ಒಂದು ರೂಪ ಪೂರ್ತಿ ಗಂಭೀರ. ಇನ್ನೊಂದರಲ್ಲಿ ಪರಿಕಲ್ಪನೆಯನ್ನೇ ಬಿಡಿಸಿ ತೋರಿಸುವ ತಮಾಷೆಯ ಉದಾಹರಣೆಗಳು. ಮತ್ತೊಂದರಲ್ಲಿ ಪರಿಕಲ್ಪನೆಗೆ ಸಂಬಂಧವೇ ಇಲ್ಲದ ತಮಾಷೆ. ನಾಲ್ಕನೆಯದರಲ್ಲಿ ಎರಡೂ ಸೇರಿವೆ. ಉಪನ್ಯಾಸ ಮುಗಿದ ಕೂಡಲೇ ಒಂದು ಪರೀಕ್ಷೆ ಕೊಟ್ಟರು, 6 ವಾರ ಬಿಟ್ಟು ಮತ್ತೆ ಪರೀಕ್ಷಿಸಿದರು. ಮೊದಲ ಪರೀಕ್ಷೆಯಲ್ಲಿ ತಮಾಷೆಯ ಉದಾಹರಣೆಗಳಿಂದ ಗ್ರಹಿಕೆಗೆ ಲಾಭವೇನೂ ಕಾಣಲಿಲ್ಲ. 6 ವಾರದ ನಂತರ ಕಂಡಿತು. ಆ ಲಾಭವೂ ತಮಾಷೆಯ ಉದಾಹರಣೆ ಕೊಟ್ಟು ಹೇಳಿದ ಅಂಶಗಳಿಗೆ ಸೇರಿದ್ದು, ಇಡೀ ಉಪನ್ಯಾಸಕ್ಕಲ್ಲ.

ಇದನ್ನು “ಹಾಸ್ಯದಿಂದ ಕಲಿಕೆ ಸುಲಭ” ಎಂದು ಬರೆದಾಗ ಎಷ್ಟೆಲ್ಲ ಉದುರಿಹೋಯಿತು ನೋಡಿ. ತಕ್ಷಣಕ್ಕೆ ಲಾಭವಿಲ್ಲ ಎಂಬುದು ಹೋಯಿತು, ಯಾವ ಬಗೆಯ ಹಾಸ್ಯ ಎಂಬುದು ಹೋಯಿತು, ಯಾವ ಅಂಶ ನೆನಪಿನಲ್ಲಿ ಉಳಿಯಿತು ಎಂಬುದೂ ಹೋಯಿತು. ಉಳಿದದ್ದು, ಲೇಖನ ಓದದೆಯೂ ಯಾರು ಬೇಕಾದರೂ ಬರೆಯಬಹುದಾಗಿದ್ದ ಒಂದು ವಾಕ್ಯ.

ಹಾಗಾಗಿ ಓದುವ ಕ್ರಮವನ್ನೇ ತಿರುಗಿಸಿ. ಪೀಠಿಕೆಯಿಂದ ಶುರು ಮಾಡಬೇಡಿ. ಪೀಠಿಕೆಯಲ್ಲಿ ಹಾಸ್ಯದ ಮಹಿಮೆ ಇರುತ್ತದೆ, ಅದನ್ನು ಮೊದಲು ಓದಿದರೆ ಉಳಿದದ್ದೆಲ್ಲ ಅದರ ಸಮರ್ಥನೆಯಂತೆ ಕಾಣತೊಡಗುತ್ತದೆ. ನೇರವಾಗಿ ವಿಧಾನದ ಭಾಗಕ್ಕೆ ಹೋಗಿ. ಕೈಯಲ್ಲಿ ಪೆನ್ಸಿಲ್ ಇರಲಿ, ಅಂಚಿನಲ್ಲಿ ನಾಲ್ಕು ಗುರುತು ಹಾಕಿಕೊಳ್ಳಿ: ಯಾರಿಗೆ ಪಾಠ ಮಾಡಿದರು, ಯಾವ ಬಗೆಯ ಹಾಸ್ಯ, ಯಾವುದರ ಜೊತೆ ಹೋಲಿಸಿದರು, ಏನನ್ನು ಯಾವಾಗ ಅಳೆದರು. ನಾಲ್ಕಕ್ಕೂ ಉತ್ತರ ಸಿಕ್ಕ ಮೇಲೆ ಪೀಠಿಕೆ ಓದಿದರೆ ಲೇಖಕರು ಎಲ್ಲಿ ಸ್ವಲ್ಪ ಎಳೆದು ಮಾತಾಡಿದ್ದಾರೆ ಎಂಬುದು ತಾನಾಗಿ ಕಣ್ಣಿಗೆ ಬೀಳುತ್ತದೆ.

ನಾಲ್ಕರಲ್ಲಿ ಅತಿ ಹೆಚ್ಚು ಜನ ಜಾರಿ ಬೀಳುವುದು ಕೊನೆಯದರಲ್ಲಿ. “ಕಲಿಕೆ ಹೆಚ್ಚಿತು” ಎಂದು ಲೇಖನದಲ್ಲಿ ಇದ್ದರೆ ಅಂಕ ಹೆಚ್ಚಿತು ಎಂದೇ ಅಂದುಕೊಳ್ಳುತ್ತೇವೆ. ತರಗತಿಯ ಸಂವಹನವನ್ನು ಅಧ್ಯಯನ ಮಾಡುವವರು 1987ರಿಂದ ಬಹಳವಾಗಿ ಬಳಸಿಕೊಂಡು ಬಂದ ಒಂದು ಅಳತೆ ಇದೆ. ಅದರಲ್ಲಿ ಇರುವುದು ಎರಡೇ ಪ್ರಶ್ನೆ. ಈ ತರಗತಿಯಲ್ಲಿ ನೀವು ಎಷ್ಟು ಕಲಿತಿರಿ, 0ಯಿಂದ 9ರೊಳಗೆ ಹೇಳಿ. ನಿಮಗೆ ಆದರ್ಶ ಅಧ್ಯಾಪಕರು ಸಿಕ್ಕಿದ್ದರೆ ಎಷ್ಟು ಕಲಿಯುತ್ತಿದ್ದಿರಿ, ಅದನ್ನೂ 0ಯಿಂದ 9ರೊಳಗೆ ಹೇಳಿ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಬರುವುದು ಕಲಿಕೆಯ ನಷ್ಟ. ಉತ್ತರಪತ್ರಿಕೆಯ ಮಾತೇ ಇಲ್ಲಿಲ್ಲ. ನಗಿಸುವ ಅಧ್ಯಾಪಕರು ನಿಮಗೆ ಇಷ್ಟವಾದರು ಅಂತಿಟ್ಟುಕೊಳ್ಳಿ, ಇಷ್ಟವಾದವರ ತರಗತಿಯಲ್ಲಿ 8 ಕಲಿತೆ ಎಂದು ಬರೆಯಲು ಕೈ ತಾನೇ ಹೋಗುತ್ತದೆ. ಇಂಥ ಅಳತೆ ಅಭಿಪ್ರಾಯದ ಬಗ್ಗೆ ನಿಜವನ್ನೇ ಹೇಳುತ್ತಿರಬಹುದು. ಆದರೆ ಅದನ್ನೂ ಕಪ್ಲಾನ್ ಮತ್ತು ಪ್ಯಾಸ್ಕೋ ಅವರ ಪರೀಕ್ಷೆಯನ್ನೂ ಒಂದೇ ಉಸಿರಿನಲ್ಲಿ “ಸಂಶೋಧನೆಗಳು ತೋರಿಸಿವೆ” ಎಂದು ಬರೆದರೆ ಎರಡು ಬೇರೆ ವಸ್ತುಗಳನ್ನು ಕೂಡಿಸಿದಂತೆ. ನನ್ನನ್ನು ಕೇಳಿದರೆ, ಪ್ರತಿಕ್ರಿಯೆಯ ಹಾಳೆಯಲ್ಲಿ ಈ ಒಂದು ವ್ಯತ್ಯಾಸವನ್ನು ಹಿಡಿದವರಿಗೆ ಅರ್ಧ ಅಂಕ ಅಲ್ಲೇ ಕೊಡಬಹುದು.

ಹಾಸ್ಯವನ್ನು ಎಣಿಸುವ ಬಗೆಯಲ್ಲೂ ಇದೇ ಗೊಂದಲ. 1979ರಲ್ಲಿ ಬ್ರಯಂಟ್, ಕೊಮಿಸ್ಕಿ ಮತ್ತು ಜಿಲ್‌ಮನ್ 70 ತರಗತಿಗಳ ಧ್ವನಿಮುದ್ರಣ ಕೇಳಿ ಎಣಿಸಿದರು. ವಿದ್ಯಾರ್ಥಿಗಳೇ ರೆಕಾರ್ಡ್ ಮಾಡಿ ತಂದ ತರಗತಿಗಳು. 50 ನಿಮಿಷದ ಪಾಠಕ್ಕೆ ಸರಾಸರಿ 3.34 ಹಾಸ್ಯಪ್ರಸಂಗಗಳು ಸಿಕ್ಕವು. ಧ್ವನಿಮುದ್ರಣದಲ್ಲಿ ಮುಖಭಾವ, ಕೈಸನ್ನೆ, ಬೋರ್ಡಿನ ಮೇಲೆ ಬರೆದ ಚಿತ್ರ ಯಾವುದೂ ಬರುವುದಿಲ್ಲ. ಅದರ ಬದಲು ಸೆಮಿಸ್ಟರ್ ಕೊನೆಯಲ್ಲಿ ವಿದ್ಯಾರ್ಥಿಗಳನ್ನು “ನಿಮ್ಮ ಅಧ್ಯಾಪಕರು ಎಷ್ಟು ಹಾಸ್ಯ ಮಾಡುತ್ತಾರೆ” ಎಂದು ಕೇಳಿದರೆ ಮನಸ್ಸಿಗೆ ಬರುವುದು ಚೆನ್ನಾಗಿ ನಕ್ಕ ಒಂದೆರಡು ದಿನ. ಎರಡು ಲೇಖನಗಳ ಅಂಕಿ ಹೊಂದದಿದ್ದರೆ, ಯಾರದು ಸರಿ ಎಂದು ತೀರ್ಪು ಕೊಡುವ ಮೊದಲು ಎಣಿಸಿದ್ದು ಹೇಗೆ ಎಂದು ನೋಡಿ.

ಈಗ ಹಾಸ್ಯದ ಬಗೆಗೆ ಬರೋಣ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಪಾಠಕ್ಕೆ ಸಂಬಂಧಪಟ್ಟ ಹಾಸ್ಯ, ಸಂಬಂಧಪಡದ ಹಾಸ್ಯ ಎಂದು ಎಲ್ಲ ಲೇಖನಗಳಲ್ಲೂ ಬರುತ್ತದೆ. ನೀವೂ ಹಾಗೆಯೇ ಬರೆದು ಮುಂದೆ ಹೋಗುತ್ತೀರಿ. ಯಾವುದು ಯಾವುದು ಎಂದು ಗುರುತಿಸುವುದು ಹೇಗೆ? ಒಂದು ಹಳೇ ಜೋಕು ತೆಗೆದುಕೊಳ್ಳೋಣ. ಆರಡಿ ಎತ್ತರದ ಸಂಖ್ಯಾಶಾಸ್ತ್ರಜ್ಞನೊಬ್ಬ ನಡೆದೇ ಹೊಳೆ ದಾಟಲು ಹೋಗಿ ಮುಳುಗಿಹೋದ. ಪಾಪ, ಹೊಳೆಯ ಆಳ ಸರಾಸರಿ ಮೂರೇ ಅಡಿ ಅಂತ ಲೆಕ್ಕ ಹಾಕಿಕೊಂಡೇ ಇಳಿದಿದ್ದ.

ನಕ್ಕಿರಿ. ಆ ಅರೆಕ್ಷಣದಲ್ಲಿ ನಡೆದದ್ದೇನು? ಮೂರಡಿ ನೀರಿನಲ್ಲಿ ಆರಡಿ ಮನುಷ್ಯ ಮುಳುಗುವುದು ಹೇಗೆ ಎಂದು ಮನಸ್ಸು ಒಮ್ಮೆ ತಡವರಿಸಿತು. ಮೂರಡಿ ಎಂಬುದು ಸರಾಸರಿ, ದಡದಲ್ಲಿ ಅರ್ಧ ಅಡಿ ಇದ್ದು ನಡುವೆ ಹತ್ತಡಿ ಇದ್ದಿರಬಹುದು ಎಂದು ಹೊಳೆದಾಗ ತಡೆ ಬಿಟ್ಟಿತು, ನಗು ಬಂತು. ಮೊದಲು ಅಸಂಗತಿ, ಆಮೇಲೆ ಅದರ ಪರಿಹಾರ. ಈ ಎರಡು ಹಂತದ ವಿವರಣೆಯನ್ನು 1972ರಲ್ಲಿ ಮನಶ್ಶಾಸ್ತ್ರಜ್ಞ ಜೆರಿ ಸಲ್ಸ್ ಮುಂದಿಟ್ಟರು. ಈ ಜೋಕಿನಲ್ಲಿ ಎರಡನೆಯ ಹಂತದ ಬೀಗದ ಕೈ ಮಾನಕ ವಿಚಲನೆಯ ಕಲ್ಪನೆ. ಸರಾಸರಿ ಒಂದೇ ಸಾಲದು, ಅಂಕಿಗಳು ಎಷ್ಟು ಚದುರಿವೆ ಎಂದೂ ಗೊತ್ತಿರಬೇಕು. ಅದು ಗೊತ್ತಿಲ್ಲದವನಿಗೆ ನಗು ಬರುವುದಿಲ್ಲ.

ಇನ್ನೊಂದು ನೋಡಿ. ಸಂಖ್ಯಾಶಾಸ್ತ್ರದ ಮೇಷ್ಟರು ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮೇಜಿನ ಮೇಲೆಲ್ಲ ಕನ್ನಡಕ ಹುಡುಕುತ್ತಿದ್ದರು. ಇದಕ್ಕೂ ನಗಬಹುದು. ಆದರೆ ಸಂಖ್ಯಾಶಾಸ್ತ್ರದ ಮೇಷ್ಟರ ಜಾಗದಲ್ಲಿ ರಸಾಯನಶಾಸ್ತ್ರದವರನ್ನು ಕೂರಿಸಿದರೂ ಜೋಕು ಹಾಗೇ ನಿಲ್ಲುತ್ತದೆ. ಪರೀಕ್ಷೆ ಇಷ್ಟೇ: ಪರಿಕಲ್ಪನೆಯನ್ನು ತೆಗೆದುಬಿಟ್ಟು ನೋಡಿ, ನಗು ಉಳಿದರೆ ಆ ಜೋಕು ಪಾಠದ್ದಲ್ಲ. ಲೇಖಕರು ತಾವು ಬಳಸಿದ ಹಾಸ್ಯದ ಮಾದರಿಯನ್ನು ಲೇಖನದಲ್ಲಿ ಕೊಟ್ಟಿದ್ದರೆ ಈ ಪರೀಕ್ಷೆಯನ್ನು ಅದರ ಮೇಲೆ ಮಾಡಿ, ಬಂದ ಫಲಿತಾಂಶ ಬರೆಯಿರಿ. ಪಾಠಕ್ಕೆ ಸಂಬಂಧಪಟ್ಟದ್ದು ಎಂದು ಅವರು ಕರೆದ ಹಾಸ್ಯ ಬರೀ ಪಾಠದ ಪದಗಳನ್ನು ತೊಟ್ಟುಕೊಂಡಿದೆ, ಒಳಗೆ ಪರಿಕಲ್ಪನೆ ಇಲ್ಲ ಎಂದು ತೋರಿಸಿದರೆ ಒಳ್ಳೆಯ ಪ್ರತಿಕ್ರಿಯೆಯ ಮೂಳೆಗೂಡು ಸಿದ್ಧವಾದಂತೆ.

ಹೊಳೆಯ ಜೋಕು ಕೈಕೊಡುವ ಜಾಗವೂ ಇದೆ. ಮಾನಕ ವಿಚಲನೆ ಹೇಳಿಕೊಡುವ ಮೊದಲೇ ಹೇಳಿದರೆ ಗೊತ್ತಿರುವ ನಾಲ್ಕು ಜನ ನಗುತ್ತಾರೆ, ಅವರ ಮುಖ ನೋಡಿ ಉಳಿದವರೂ ನಗುತ್ತಾರೆ. ನಗುವಿನ ಸದ್ದು ಕೇಳಿ ಅಧ್ಯಾಪಕರು ಎಲ್ಲರಿಗೂ ಅರ್ಥವಾಯಿತು ಎಂದುಕೊಂಡು ಮುಂದೆ ಹೋಗುತ್ತಾರೆ. ತಿಳಿದದ್ದು ಯಾರಿಗೆ ಎಂದು ಗೊತ್ತಾಗಬೇಕಾದರೆ ಕೂಡಲೇ ಒಂದು ಪ್ರಶ್ನೆ ಬೇಕು: ಹೊಳೆ ಎಲ್ಲ ಕಡೆಯೂ ಸರಿಯಾಗಿ ಮೂರಡಿ ಆಳವಿದ್ದರೆ ಮಾನಕ ವಿಚಲನೆ ಎಷ್ಟು? ಸೊನ್ನೆ ಎಂಬ ಉತ್ತರ ಎಷ್ಟು ಕಡೆಯಿಂದ ಬಂತು ಎಂದು ನೋಡಿದರೆ ನಗುವಿನ ಲೆಕ್ಕ ಸರಿಹೋಗುತ್ತದೆ. ತರಗತಿಯಲ್ಲಿ ಯಾರದಾದರೂ ಮನೆಯಲ್ಲಿ ನೀರಿನ ಅವಘಡ ಆಗಿದ್ದರೆ ಆ ಒಬ್ಬರ ಪಾಲಿಗೆ ಇದು ಜೋಕೇ ಅಲ್ಲ, ಅದೂ ನೆನಪಿರಲಿ.

ಅಲ್ಲಿಂದ ಸ್ಟೀಫನ್ ಶ್ಮಿಟ್ ಅವರ 1994ರ ಪ್ರಯೋಗಗಳಿಗೆ ಬರೋಣ. ಅಲ್ಲಿ ತರಗತಿ ಇಲ್ಲ, ಬರೀ ವಾಕ್ಯಗಳು. ತಮಾಷೆಯ ವಾಕ್ಯ, ಅದೇ ವಿಷಯದ ಸಾದಾ ವಾಕ್ಯ. ಎರಡನ್ನೂ ಬೆರೆಸಿ ಒಂದೇ ಪಟ್ಟಿಯಲ್ಲಿ ಕೊಟ್ಟಾಗ ತಮಾಷೆಯ ವಾಕ್ಯಗಳು ಹೆಚ್ಚು ನೆನಪಿನಲ್ಲಿ ಉಳಿದವು. ಪೂರ್ತಿ ತಮಾಷೆಯ ಪಟ್ಟಿ ಒಬ್ಬರಿಗೆ, ಪೂರ್ತಿ ಸಾದಾ ಪಟ್ಟಿ ಇನ್ನೊಬ್ಬರಿಗೆ ಕೊಟ್ಟಾಗ ಆ ಲಾಭ ಮಾಯವಾಯಿತು. ಬೆರೆಸಿದ ಪಟ್ಟಿಯಲ್ಲಿ ತಮಾಷೆಗೆ ಸಿಕ್ಕ ಲಾಭ ಪಕ್ಕದ ಸಾದಾ ವಾಕ್ಯಗಳ ಖರ್ಚಿನಲ್ಲಿ ಬಂದದ್ದು. ಸುತ್ತಲಿನದಕ್ಕಿಂತ ಬೇರೆಯಾಗಿ ಎದ್ದು ಕಾಣುವುದು ಹೆಚ್ಚು ನೆನಪಿರುತ್ತದೆ ಎಂದು ಹೆಡ್ವಿಗ್ ಫಾನ್ ರೆಸ್ಟೋರ್ಫ್ 1933ರಲ್ಲೇ ತೋರಿಸಿದ್ದರು. ಇದು ಅದರ ನೆಂಟ ಎನ್ನಬಹುದು.

ಪಾಠ ಮಾಡುವವರಿಗೆ ಇದರ ಅರ್ಥ ಏನು ಎಂದು ಪ್ರತಿಕ್ರಿಯೆಯಲ್ಲಿ ಎಳೆದು ಬರೆಯಬೇಕು. 50 ನಿಮಿಷದಲ್ಲಿ ಇಪ್ಪತ್ತು ಜೋಕು ಹೊಡೆದರೆ ಯಾವ ಜೋಕೂ ಎದ್ದು ಕಾಣುವುದಿಲ್ಲ. ಮೂರೇ ಹೊಡೆದರೆ ಎದ್ದು ಕಾಣುತ್ತವೆ, ಆದರೆ ಅದರ ಅಕ್ಕಪಕ್ಕ ಹೇಳಿದ ಮಾತು ಮಸುಕಾಗುವ ಅಪಾಯವಿದೆ. ಹಾಗಾದರೆ ಮುಖ್ಯ ಅಂಶದ ಪಕ್ಕದಲ್ಲಿ ಜೋಕು ಇಡುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಮುಖ್ಯ ಅಂಶ ಜೋಕಿನ ಒಳಗೇ ಇರಬೇಕು. ಕಪ್ಲಾನ್ ಮತ್ತು ಪ್ಯಾಸ್ಕೋ ಫಲಿತಾಂಶವನ್ನು ಇದರ ಪಕ್ಕ ಇಟ್ಟು ನೋಡಿ, ಒಂದಕ್ಕೊಂದು ಎಷ್ಟು ಚೆನ್ನಾಗಿ ಕೂರುತ್ತದೆ. ಕೇಳಿದವರು ಕಾಲೇಜು ವಿದ್ಯಾರ್ಥಿಗಳು ಎಂಬ ಷರತ್ತನ್ನು ಮಾತ್ರ ಬಿಡಬೇಡಿ. ಚಿಕ್ಕ ಮಕ್ಕಳ ಶೈಕ್ಷಣಿಕ ಟಿವಿ ಕಾರ್ಯಕ್ರಮಗಳಲ್ಲಿ ಪಾಠಕ್ಕೆ ಸಂಬಂಧವಿಲ್ಲದ ತಮಾಷೆಯ ತುಣುಕುಗಳನ್ನು ಬೇಗಬೇಗನೆ ಸೇರಿಸಿದಾಗ ಗಮನವೂ ಹೆಚ್ಚಿತು, ತಿಳಿದುಕೊಂಡದ್ದೂ ಹೆಚ್ಚಿತು ಎಂದು ಜಿಲ್‌ಮನ್ ಮತ್ತು ಸಂಗಡಿಗರು 1980ರಲ್ಲಿ ಕಂಡುಕೊಂಡರು. ಟಿವಿ ಮುಂದಿನ ಮಗು ಎದ್ದು ಹೋಗಬಹುದು, ಅದನ್ನು ಹಿಡಿದು ಕೂರಿಸುವುದೇ ಅರ್ಧ ಗೆಲುವು. ಹಾಜರಿಗಾಗಿ ಬೆಂಚಿನ ಮೇಲೆ ಕೂತವರ ಕಥೆ ಬೇರೆ.

ಹಾಸ್ಯದ ಓದುಗಳ ಜೊತೆಗೆ ಓದಲೇಬೇಕಾದ ಇನ್ನೊಂದು ಲೇಖನದಲ್ಲಿ ಹಾಸ್ಯದ ಹೆಸರೇ ಇಲ್ಲ. ಹಾರ್ಪ್ ಮತ್ತು ಮೇಯರ್, 1998. ಮಿಂಚು ಹೇಗೆ ಉಂಟಾಗುತ್ತದೆ ಎಂಬ ಪಾಠಕ್ಕೆ ಸಿಡಿಲು ಬಡಿದವರ ರೋಚಕ ಪ್ರಸಂಗಗಳನ್ನು ಸೇರಿಸಿದರು. ಓದಲು ಸ್ವಾರಸ್ಯ ಹೆಚ್ಚಿತು, ಮಿಂಚಿನ ಕಾರಣಸರಣಿ ಮಾತ್ರ ಕಡಿಮೆ ನೆನಪಿನಲ್ಲಿ ಉಳಿಯಿತು. ಆ ಪ್ರಸಂಗಗಳು ಪಾಠದ ಮೊದಲಿಗೇ ಬಂದಾಗ ಹಾನಿ ಹೆಚ್ಚು, ಕೊನೆಯಲ್ಲಿ ಬಂದಾಗ ಕಡಿಮೆ. ಮೊದಲೇ ಬಂದರೆ ಓದುವವರು ಇಡೀ ಪಾಠವನ್ನು ಸಿಡಿಲಿನ ಅಪಾಯದ ಕಥೆಯೆಂದು ಜೋಡಿಸಿಕೊಳ್ಳುತ್ತಾರೆ. ತರಗತಿ ಶುರುವಾಗುವಾಗಲೇ ಒಂದು ಜೋಕು ಹೊಡೆದು “ವಾತಾವರಣ ತಿಳಿಗೊಳಿಸಿ” ಎಂಬ ಸಲಹೆಯನ್ನು ನೀವು ಎಲ್ಲೆಡೆ ಓದಿರುತ್ತೀರಿ. ಆ ಸಲಹೆಯನ್ನು ಈ ಫಲಿತಾಂಶದ ಎದುರು ನಿಲ್ಲಿಸಿ ಒಂದು ಪ್ಯಾರಾ ಬರೆದು ನೋಡಿ.

ಅವ್ನೇರ್ ಜಿವ್ ಅವರ 1988ರ ಲೇಖನವನ್ನು ಹಾಸ್ಯದ ಪರ ವಾದಿಸುವವರೆಲ್ಲ ಎತ್ತಿಕೊಳ್ಳುತ್ತಾರೆ, ಕಾರಣವೂ ಇದೆ. ಒಂದು ಉಪನ್ಯಾಸ ಕೇಳಿಸಿ ಬಿಡಲಿಲ್ಲ, ಇಡೀ ಸೆಮಿಸ್ಟರ್ ಸಂಖ್ಯಾಶಾಸ್ತ್ರದ ಪಾಠ ನಡೆಯಿತು, ಕೊನೆಯ ಪರೀಕ್ಷೆಯಲ್ಲಿ ಹಾಸ್ಯದ ತಂಡ ಮುಂದಿತ್ತು. ಬೇರೆ ವಿಷಯದಲ್ಲಿ, ಬೇರೆ ವಿದ್ಯಾರ್ಥಿಗಳೊಂದಿಗೆ ಮತ್ತೆ ಮಾಡಿದಾಗಲೂ ಹಾಗೇ ಬಂತು. ಹಾಸ್ಯ ಪಾಠಕ್ಕೆ ಸಂಬಂಧಪಟ್ಟಿರಬೇಕು, ಲೆಕ್ಕದಲ್ಲಿ ಕೆಲವೇ ಇರಬೇಕು ಎಂಬ ಷರತ್ತು ಅವರದು. ಕ್ರಮವೂ ಇದೆ: ಮೊದಲು ಪರಿಕಲ್ಪನೆ, ಆಮೇಲೆ ಜೋಕು, ಜೋಕಿನ ನಂತರ ಪರಿಕಲ್ಪನೆಯನ್ನು ಬೇರೆ ಮಾತಿನಲ್ಲಿ ಮತ್ತೊಮ್ಮೆ. ಈ ಮೂರನೆಯ ಹೆಜ್ಜೆಯ ಮೇಲೆ ಬೆರಳಿಡಿ. ಒಂದು ವಿಷಯವನ್ನು ಎರಡು ಸಲ, ಎರಡು ಬಗೆಯಲ್ಲಿ ಹೇಳಿದರೆ ಜೋಕು ಇಲ್ಲದೆಯೂ ನೆನಪು ಸುಧಾರಿಸುತ್ತದೆ. ಹಾಸ್ಯವಿಲ್ಲದ ತಂಡಕ್ಕೂ ಎರಡನೆಯ ಸಲ ಹೇಳಿದರೇ ಎಂಬುದನ್ನು ವಿಧಾನದ ಭಾಗದಲ್ಲಿ ಹುಡುಕಬೇಕು. ಸೆಮಿಸ್ಟರ್ ಉದ್ದಕ್ಕೂ ನೇರವಾಗಿ ಪಾಠ ಮಾಡುವವರಿಗೆ ತಾವು ಯಾವ ತಂಡದ ಮುಂದೆ ನಿಂತಿದ್ದೇವೆ ಎಂದು ಗೊತ್ತೇ ಇರುತ್ತದೆ. ಹುರುಪು ಅಲ್ಲಿಂದಲೂ ಬರಬಹುದು. ಮೊದಲೇ ರೆಕಾರ್ಡ್ ಮಾಡಿಟ್ಟ ಉಪನ್ಯಾಸ ಬಳಸಿದ ಪ್ರಯೋಗಗಳಲ್ಲಿ ಈ ತೊಂದರೆ ಕಡಿಮೆ. ಆದರೆ ಅಲ್ಲಿ ಜೀವಂತ ತರಗತಿಯೇ ಇರುವುದಿಲ್ಲ. ಎರಡೂ ಬಗೆಗೆ ಬೆಲೆ ಕೊಟ್ಟು ಬರೆಯುವುದು ಕಷ್ಟ, ಆದರೂ ಅದನ್ನೇ ಮಾಡಬೇಕು.

ನಗು ಏಕೆ ಬರುತ್ತದೆ ಎಂಬ ಸಿದ್ಧಾಂತಗಳ ವಿಷಯಕ್ಕೆ ಎರಡೇ ಮಾತು. ಹಾಬ್ಸ್ 1651ರಲ್ಲಿ ಏನಂದ, ಕಾಂಟ್ 1790ರಲ್ಲಿ ಏನಂದ, ಫ್ರಾಯ್ಡ್ 1905ರಲ್ಲಿ ಏನಂದ ಎಂದು ಅರ್ಧ ಹಾಳೆ ತುಂಬಿಸುವುದು ಬೇಡ. ಕಲಿಕೆಯ ಪ್ರಶ್ನೆಗೆ ಕೆಲಸ ಕೊಡುವ ಸಿದ್ಧಾಂತವನ್ನು ಮಾತ್ರ ತನ್ನಿ. ಉದಾಹರಣೆಗೆ 2010ರಲ್ಲಿ ವಾನ್ಜರ್, ಫ್ರೈಮಿಯರ್ ಮತ್ತು ಅರ್ವಿನ್ ಕಟ್ಟಿದ ಮಾದರಿ. ಅಸಂಗತಿ ಬಿಡಿಸಿಕೊಂಡರೆ ಮಾತ್ರ ಅದು ಹಾಸ್ಯವಾಗುತ್ತದೆ, ಆ ಹಾಸ್ಯ ಮನಸ್ಸಿಗೆ ಹಿತವಾಗಿದ್ದರೆ ಪಾಠವನ್ನು ಬಗೆದು ನೋಡುವ ಉತ್ಸಾಹ ಬರುತ್ತದೆ, ಜೊತೆಗೆ ಅದು ಪಾಠಕ್ಕೆ ಸಂಬಂಧಪಟ್ಟಿದ್ದರೆ ಬಗೆಯುವ ಸಾಮರ್ಥ್ಯವೂ ಸಿಗುತ್ತದೆ ಎಂಬುದು ಅದರ ಸಾರ. ವಿದ್ಯಾರ್ಥಿಯೊಬ್ಬನನ್ನೇ ಗುರಿ ಮಾಡಿದ ಗೇಲಿ ಇಡೀ ತರಗತಿಯನ್ನು ನಗಿಸಿದರೂ ಏಕೆ ಕಲಿಸುವುದಿಲ್ಲ ಎಂಬುದಕ್ಕೆ ಇಲ್ಲಿ ವಿವರಣೆ ಸಿಗುತ್ತದೆ.

ಈಗ ಬರೆಯುವ ಕೆಲಸ. ಸಾಮಾನ್ಯ ವಾಕ್ಯವೊಂದನ್ನು ತಿದ್ದಿ ತೋರಿಸುತ್ತೇನೆ. ಮೊದಲ ಕರಡು: “ಹಾಸ್ಯವು ವಿದ್ಯಾರ್ಥಿಗಳ ಗಮನ ಸೆಳೆದು ಕಲಿಕೆಯನ್ನು ಆನಂದದಾಯಕವಾಗಿಸುತ್ತದೆ ಎಂದು ಕಪ್ಲಾನ್ ಮತ್ತು ಪ್ಯಾಸ್ಕೋ ತೋರಿಸಿದ್ದಾರೆ.” ತಿದ್ದಿದ್ದು: “ಕಪ್ಲಾನ್ ಮತ್ತು ಪ್ಯಾಸ್ಕೋ ಪ್ರಯೋಗದಲ್ಲಿ ತಮಾಷೆಯ ಉದಾಹರಣೆಗಳ ಲಾಭ ಕಂಡದ್ದು 6 ವಾರದ ನಂತರ. ಗಮನ ಸೆಳೆದದ್ದೇ ಕಾರಣವಾಗಿದ್ದರೆ ಲಾಭ ತಕ್ಷಣದ ಪರೀಕ್ಷೆಯಲ್ಲೂ ಕಾಣಬೇಕಿತ್ತು. ಹಾಗಾಗಿ ಆ ಉದಾಹರಣೆಗಳು ಪಾಠ ಕೇಳುವಾಗಲ್ಲ, ಆಮೇಲೆ ನೆನಪು ಮಾಡಿಕೊಳ್ಳುವಾಗ ಸುಳಿವಾಗಿ ನೆರವಾಗಿವೆ ಎಂದು ನನ್ನ ಊಹೆ. 6 ವಾರದ ಪರೀಕ್ಷೆಯಲ್ಲಿ ಒಂದು ಗುಂಪಿಗೆ ಆ ಉದಾಹರಣೆಯ ಮೊದಲ ಸಾಲನ್ನು ಕೊಟ್ಟು, ಇನ್ನೊಂದಕ್ಕೆ ಕೊಡದೆ ನೋಡಿದರೆ ಊಹೆಯನ್ನು ಪರೀಕ್ಷಿಸಬಹುದು.” ಎರಡನೆಯದಕ್ಕೂ ತಕರಾರು ತೆಗೆಯಬಹುದು. ತಕ್ಷಣದ ಪರೀಕ್ಷೆ ತೀರಾ ಸುಲಭವಾಗಿದ್ದು ಎಲ್ಲರಿಗೂ ಒಳ್ಳೆಯ ಅಂಕ ಬಂದಿದ್ದರೆ ಲಾಭ ಇದ್ದೂ ಕಾಣದೆ ಹೋಗಬಹುದು. ತಕರಾರು ಎತ್ತಲು ಅದರಲ್ಲಿ ಜಾಗವಿದೆ. ಮೊದಲ ಕರಡಿಗೆ ಏನೆಂದು ತಕರಾರು ತೆಗೆಯುತ್ತೀರಿ?

ಒಂದೂವರೆ ಪುಟದ ಪ್ರತಿಕ್ರಿಯೆಗೆ ಇಂಥ ಒಂದು ಊಹೆ ಸಾಕು. ಲೇಖನದ ಸಾರಾಂಶ ನಾಲ್ಕೈದು ವಾಕ್ಯ ದಾಟಬಾರದು, ಕೊಟ್ಟವರು ಅದನ್ನು ಓದಿಯೇ ಕೊಟ್ಟಿರುತ್ತಾರೆ. ಮೊದಲು ಹೇಳಿದ ಶಾಲೆಯ ಮೇಷ್ಟರನ್ನು ಪೂರ್ತಿ ಓಡಿಸಬೇಕಾಗಿಲ್ಲ, ಅವರನ್ನೂ ಪರೀಕ್ಷೆಗೆ ಒಡ್ಡಿ. ಅವರ ಜೋಕನ್ನು ಹಾಳೆಯ ಎಡಕ್ಕೆ ಬರೆಯಿರಿ, ಅದು ಕಲಿಸಬೇಕಿದ್ದ ಪರಿಕಲ್ಪನೆಯನ್ನು ಬಲಕ್ಕೆ, ಪುಸ್ತಕ ನೋಡದೆ. ಎಡಭಾಗ ತುಂಬಿ ಬಲಭಾಗ ಖಾಲಿ ಉಳಿದರೆ ಶ್ಮಿಟ್ ಹೇಳಿದ್ದಕ್ಕೆ ನಿಮ್ಮದೇ ಒಂದು ಸಣ್ಣ ಸಾಕ್ಷಿ ಸಿಕ್ಕಿತು, ಅದನ್ನೇ ಬರೆಯಿರಿ. ಎರಡೂ ತುಂಬಿದರೂ ಒಂದು ಎಚ್ಚರಿಕೆ ಬೇಕು: ನೆನಪಿಗೆ ಬಂದ ಜೋಕುಗಳನ್ನಷ್ಟೇ ನೀವು ಲೆಕ್ಕಕ್ಕೆ ಹಿಡಿದಿದ್ದೀರಿ. ಏನೂ ಉಳಿಸದೆ ಹೋದ ಜೋಕುಗಳು ಲೆಕ್ಕದಲ್ಲೇ ಇಲ್ಲ.

ಸಭೆಯಿಂದ ಬಂದ ಒಂದು ಪ್ರಶ್ನೆ: ಪ್ರತಿಕ್ರಿಯೆಯಲ್ಲಿ ನಾವೇ ಹಾಸ್ಯ ಮಾಡಬಹುದೇ? ಧಾರಾಳವಾಗಿ. ಹೊಳೆ ಮತ್ತು ಕನ್ನಡಕದ ಪರೀಕ್ಷೆ ನಿಮ್ಮ ಜೋಕಿಗೂ ಅನ್ವಯಿಸುತ್ತದೆ, ಅಷ್ಟೇ. ವಾದ ಮುಗಿದ ಮೇಲೆ ಬರಲಿ, ವಾದದ ಬದಲಿಗೆ ಬೇಡ.

ಇನ್ನೊಂದು ಪ್ರಶ್ನೆ: ಶ್ಮಿಟ್ ಪ್ರಯೋಗವನ್ನು ಸೆಮಿನಾರಿಗಾಗಿ ನಾವೇ ಸಣ್ಣದಾಗಿ ಮಾಡಿ ನೋಡಬಹುದೇ? ನೋಡಬಹುದು. 16 ವಿಷಯ ಆರಿಸಿ, ಪ್ರತಿಯೊಂದಕ್ಕೂ ಒಂದು ತಮಾಷೆಯ ವಾಕ್ಯ, ಒಂದು ಸಾದಾ ವಾಕ್ಯ ಬರೆಯಿರಿ. ತಮಾಷೆಯ ವಾಕ್ಯ ಉದ್ದವಾಗುವುದು ಮಾಮೂಲಿ ತಪ್ಪು, ಪದಗಳ ಸಂಖ್ಯೆ ಸರಿದೂಗಿಸಿ. ನಗು ಬರುತ್ತದೋ ಇಲ್ಲವೋ ಎಂದು ಪ್ರಯೋಗದಲ್ಲಿ ಇಲ್ಲದ ಐದಾರು ಜನರಿಂದ ಮೊದಲೇ ಅಂಕ ಹಾಕಿಸಿ, ಬರೆದವರ ಮಾತು ನಂಬಬೇಡಿ. ಪಟ್ಟಿ ನಾಲ್ಕು: ಒಂದರಲ್ಲಿ 8 ತಮಾಷೆ 8 ಸಾದಾ, ಎರಡನೆಯದರಲ್ಲಿ ಅವೇ ವಿಷಯಗಳು ಅದಲುಬದಲಾಗಿ, ಮೂರನೆಯದು ಪೂರ್ತಿ ತಮಾಷೆ, ನಾಲ್ಕನೆಯದು ಪೂರ್ತಿ ಸಾದಾ. ಒಬ್ಬರಿಗೆ ಒಂದೇ ಪಟ್ಟಿ, ವಾಕ್ಯಕ್ಕೆ 10 ಸೆಕೆಂಡು. ನಂತರ 5 ನಿಮಿಷ ಕೂಡುವ ಕಳೆಯುವ ಲೆಕ್ಕ ಕೊಡಿ, ಇಲ್ಲದಿದ್ದರೆ ಕೊನೆಯ ಎರಡು ಮೂರು ವಾಕ್ಯ ನಾಲಿಗೆಯ ತುದಿಯಲ್ಲೇ ಉಳಿದಿರುತ್ತವೆ. ಆಮೇಲೆ ಖಾಲಿ ಹಾಳೆ ಕೊಟ್ಟು ನೆನಪಿದ್ದದ್ದನ್ನು ಬರೆಸಿ. ಯಾವ ಪದ ಬಂದರೆ ಅಂಕ ಎಂದು ತಿದ್ದುವ ಮೊದಲೇ ನಿರ್ಧರಿಸಿ, ತಿದ್ದುವವರಿಗೆ ಅದು ಯಾವ ಪಟ್ಟಿಯ ಹಾಳೆ ಎಂದು ಹೇಳಬೇಡಿ. ಜನ ಸಾಲುತ್ತಿಲ್ಲ ಎಂದು ಕೈಬಿಡುವುದು ಸಾಮಾನ್ಯವಾಗಿ ಮೂರನೆಯ ಮತ್ತು ನಾಲ್ಕನೆಯ ಪಟ್ಟಿಗಳನ್ನು. ಅವೆರಡು ಇಲ್ಲದಿದ್ದರೆ ಹಾಸ್ಯ ಗೆದ್ದಿತು ಎಂಬ ಫಲಿತಾಂಶವಷ್ಟೇ ಕೈಗೆ ಬರುತ್ತದೆ, ಪಕ್ಕದ ವಾಕ್ಯಗಳು ತೆತ್ತ ಬೆಲೆ ಎಲ್ಲೂ ಕಾಣುವುದಿಲ್ಲ.